ಮಡಿಗೆ ಬಂದ ನಲ್ಲಿ

ಒಟ್ಟು ಖರ್ಚಾದದ್ದು ನಲವತ್ತು ರೂಪಾಯಿಯ ಒಳಗೆ. ಒಂದು ಅಂಗೈಯಗಲದ ರಬ್ಬರ್ ಹಾಳೆ, ಕೊನೆಗೆ ದಂಡವಾದ ಒಂದು ಗಜ ದಾರ, ಕಾಟನ್‌ಪೇಟೆಯಿಂದ ಮನೆಗೆ ಆಟೋ. ಹೋಗುವಾಗ ನಡೆದೇ ಹೋಗಿದ್ದೆ. ಬರುವಷ್ಟರಲ್ಲಿ ನನ್ನ ಅಂಗಡಿಯ ಬಾಗಿಲು ತೆರೆಯುವ ಹೊತ್ತು ಮೀರಿತ್ತು, ಅದಕ್ಕೇ ಆಟೋ. ಹೊಸ ನಲ್ಲಿ ಹಾಕಿಸಿದ್ದರೆ ಇದರ ಹತ್ತರಷ್ಟಾಗುತ್ತಿತ್ತು, ಗೋಡೆ ಒಡೆಸಿದ್ದರೆ ಕೇಳುವುದೇ ಬೇಡ. ಹಣ ಉಳಿಸಿದ್ದನ್ನು ಹೇಳಿಕೊಳ್ಳುವುದು ನನಗೆ ಇಷ್ಟವೇ, ಸುಳ್ಳೇಕೆ. ಆದರೆ ಆ ಸಲ ಉಳಿಯಬೇಕಾಗಿದ್ದದ್ದು ನಮ್ಮ ಅತ್ತೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮದು ಚಾಮರಾಜಪೇಟೆಯ ಹಳೇ ಮನೆ. ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಅಡಿಗೆಮನೆ, ಅದರ ಹಿಂದೆ ಬಾವಿ. ಬೀದಿಗೆ ತೆರೆಯುವ ಮುಂದಿನ ಕೋಣೆಯಲ್ಲಿ ನನ್ನ ಅಂಗಡಿ: ರವಿಕೆ ಬಟ್ಟೆ, ಸೀರೆಗೆ ಫಾಲ್ಸ್, ಲಂಗದ ಬಟ್ಟೆ. ಮನೆಮನೆಗೆ ಹೋಗಿ ಫಾಲ್ಸ್ ಹೊಲಿದುಕೊಡುತ್ತಿದ್ದವಳು ನಾನು. ಆ ದುಡ್ಡಲ್ಲೇ ಮೊದಲ ಮೂಟೆ ಬಟ್ಟೆ ತಂದೆ. ಮನೆಯ ಮುಂದೆ ಅಂಗಡಿ ಅಂದಾಗ ನೆಂಟರೆಲ್ಲ ಮೂಗು ಮುರಿದರು. ಆಗ ನನ್ನ ಪರವಾಗಿ ಬಾಯಿ ಬಿಟ್ಟವರು ಅತ್ತೆ ಒಬ್ಬರೇ. "ಆ ಕೋಣೆ ಬಾಗಿಲು ತೆಗೆದು ಎಷ್ಟು ವರ್ಷ ಆಯ್ತು? ತೆಗೀಲಿ. ಗಾಳಿನೂ ಬರಲಿ, ಗಿರಾಕಿನೂ ಬರಲಿ" ಅಂದರು. ಅಂದಿನಿಂದ ನಾನು ಅಂಗಡಿಯಲ್ಲಿ ಕೂತರೆ ಒಲೆಯ ಮುಂದೆ ಅವರು. ಗಿರಾಕಿ ಇಲ್ಲದ ಹೊತ್ತು ನೋಡಿ ಹಜಾರದಿಂದಲೇ ಕೂಗುತ್ತಿದ್ದರು, "ಊಟಕ್ಕೆ ಬಾರೇ, ನಿನ್ನ ಗಲ್ಲಾಪೆಟ್ಟಿಗೆಗೇನು ಕಾಲು ಬರಲ್ಲ!"

ಅತ್ತೆಗೆ ಮಡಿ ಜಾಸ್ತಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೆಳಿಗ್ಗೆ ಸ್ನಾನ ಮಾಡಿ, ಹಿಂದಿನ ದಿನ ಒಗೆದು ಯಾರೂ ಮುಟ್ಟದಂತೆ ಮೇಲೆ ತೂಗುಹಾಕಿದ ಬಿದಿರ ಗಳುವಿನಲ್ಲಿ ಒಣಗಿಸಿದ ಸೀರೆ ಉಟ್ಟರೆ, ಅಡಿಗೆ ಮುಗಿಸಿ ಊಟ ಮಾಡುವ ತನಕ ಅವರು ಯಾರನ್ನೂ ಮುಟ್ಟುತ್ತಿರಲಿಲ್ಲ, ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಅಡಿಗೆಗೆ, ಕುಡಿಯುವುದಕ್ಕೆ, ದೇವರಿಗೆ ಬಾವಿ ನೀರೇ ಆಗಬೇಕು, ಅದೂ ಅವರೇ ಸೇದಿದ್ದು. ಅಡಿಗೆಮನೆಯ ಗೋಡೆಯಲ್ಲಿ ಹಿತ್ತಾಳೆ ನಲ್ಲಿ ಇತ್ತು, ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತಿತ್ತು. ನಾವೆಲ್ಲ ಅದನ್ನೇ ಕುಡಿಯುತ್ತಿದ್ದೆವು. ಅವರು ಮಾತ್ರ ಮದುವೆಯಾಗಿ ಬಂದ ದಿನದಿಂದ ಆ ನಲ್ಲಿಯನ್ನು ಮುಟ್ಟಿದವರಲ್ಲ. ಕಾರಣ ಒಂದೇ. ಹಳೇ ನಲ್ಲಿಯ ಹೊಟ್ಟೆಯೊಳಗೆ, ನೀರನ್ನು ತಡೆದು ನಿಲ್ಲಿಸುವ ಜಾಗದಲ್ಲಿ, ಬಿಲ್ಲೆಯಷ್ಟು ಚರ್ಮ ಇರುತ್ತದೆ. ಅದೇ ವಾಷರ್. ಚರ್ಮ ತಾಗಿದ ನೀರು ಮಡಿಗೆ ಆಗದು.

ನಾನು ಆ ಮಡಿಯನ್ನು ಒಪ್ಪಿದವಳಲ್ಲ. ನನ್ನ ಅಂಗಡಿಗೆ ಎಲ್ಲ ಜಾತಿಯ ಹೆಂಗಸರೂ ಬಂದು ಚಾಪೆಯ ಮೇಲೆ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಆದರೆ ನನ್ನ ಲೆಕ್ಕ ನನ್ನ ಕೋಣೆಗೆ, ಅವರ ಲೆಕ್ಕ ಅಡಿಗೆಮನೆಗೆ. ಹಾಗೇ ನಡೆದಿತ್ತು.

ಆ ಬೇಸಿಗೆಯಲ್ಲಿ ಬಾವಿ ಒಣಗಿತು. ಸುತ್ತ ಬೀದಿಬೀದಿಗೂ ಬೋರ್‌ವೆಲ್ ಕೊರೆಸಿದ್ದರು. ಮೊದಲು ಕೊಡಕ್ಕೆ ಕೆಸರು ಬಂತು, ಆಮೇಲೆ ಹಗ್ಗದ ತುದಿ ಒಣಗಿಯೇ ಮೇಲೆ ಬಂತು. ಅತ್ತೆ ಬಾವಿಕಟ್ಟೆಗೆ ಎರಡೂ ಕೈ ಊರಿ ಸುಮಾರು ಹೊತ್ತು ಒಳಗೆ ನೋಡಿದರು. ಒಳಗೆ ಬಂದು ಒಲೆ ಆರಿಸಿದರು.

ನಮ್ಮ ಯಜಮಾನರು ಕೆಲವು ದಿನ ಒದ್ದೆ ಪಂಚೆ ಉಟ್ಟು ಎರಡು ಬೀದಿ ಆಚೆಯ ದೇವಸ್ಥಾನದ ಬಾವಿಯಿಂದ ಬಿಂದಿಗೆ ಹೊತ್ತು ತಂದರು. ಬ್ಯಾಂಕಿನ ಗುಮಾಸ್ತರು, ಬರಿಮೈ, ಹೆಗಲ ಮೇಲೆ ಬಿಂದಿಗೆ, ಎದುರಿಗೆ ಸ್ಕೂಟರ್ ಮೇಲೆ ಅವರ ಮ್ಯಾನೇಜರು. "ಏನ್ರೀ, ಅಭಿಷೇಕಾನಾ?" ಅಂದರಂತೆ. ಮಾರನೇ ದಿನ ಇವರಿಗೆ ಸೊಂಟ ಹಿಡಿಯಿತು. ಸೊಂಟ ಹಿಡಿದದ್ದೋ, ಮಾನ ಹಿಡಿದದ್ದೋ, ನಾನು ಕೆದಕಲಿಲ್ಲ. ಅಷ್ಟರಲ್ಲಿ ದೇವಸ್ಥಾನದ ಬಾವಿಯೂ ತಳ ಕಂಡಿತು.

ಆಮೇಲೆ ಅತ್ತೆ ಅನ್ನ ಬಿಟ್ಟರು. ನಮಗೆ ನಲ್ಲಿ ನೀರಲ್ಲೇ ಮಾಡಿಕೊಳ್ಳಿ ಅಂದರು. ತಮಗೆ ಹಾಲು, ಬಾಳೆಹಣ್ಣು, ಹಾಲಲ್ಲಿ ನೆನೆಸಿದ ಅವಲಕ್ಕಿ. ಗೊಣಗಲಿಲ್ಲ, ಜಗಳ ಇಲ್ಲ, ಮುಖ ಊದಿಸಿದ್ದೂ ಇಲ್ಲ. ಒಂದು ಸಂಜೆ ಅವರು ದೇವರ ದೀಪಕ್ಕೆ ಕೈ ಎತ್ತಿದಾಗ ರವಿಕೆಯ ತೋಳು ಜೋಲುತ್ತಿದ್ದದ್ದು ಕಂಡೆ. ಆ ರವಿಕೆ ನಾನೇ ಹೊಲಿದದ್ದು, ಅಳತೆ ನನಗೆ ಗೊತ್ತು.

ಹನುಮಂತನಗರದಲ್ಲಿದ್ದ ನಾದಿನಿ, ಅಂದರೆ ಅತ್ತೆಯ ಮಗಳು, ಫೋನ್ ಮಾಡಿದಳು. "ನಮ್ಮ ಬಾವೀಲಿ ಇನ್ನೂ ನೀರಿದೆ. ಅಮ್ಮ ಇಲ್ಲಿಗೇ ಬಂದ್ಬಿಡ್ಲಿ. ಭಾನುವಾರ ನಮ್ಮೋರು ಬಂದು ಕರ್ಕೊಂಡು ಬರ್ತಾರೆ." ಅತ್ತೆ ಆಯಿತು ಅಂದರು. ನೋಡಿಕೊಂಡು ಬರುವುದಕ್ಕಲ್ಲ, ಇರುವುದಕ್ಕೆ. ಗಳುವಿನ ಮೇಲಿನ ಮಡಿ ಸೀರೆಗಳನ್ನು ಕೋಲಿನಿಂದ ಇಳಿಸಿ, ಮಡಿಸಿ, ಚೀಲಕ್ಕೆ ಹಾಕಿದರು. ಅದು ಗುರುವಾರ.

"ನಾಲ್ಕು ದಿನಕ್ಕೆ ಹೋಗಿ ಬನ್ನಿ ಅತ್ತೆ" ಅಂದೆ.

"ನಾಲ್ಕು ದಿನಕ್ಕೆ ಬಾವಿ ತುಂಬತ್ತೇನೇ?" ಅಂದರು.

ನನ್ನ ಸ್ವಾರ್ಥ ಅನ್ನಿ ಬೇಕಾದರೆ. ಅವರಿಲ್ಲದೆ ಅಂಗಡಿ ನಡೆಯದು. ಆದರೆ ಅವತ್ತು ನನ್ನ ಕಣ್ಣ ಮುಂದೆ ಇದ್ದದ್ದು ಆ ಖಾಲಿ ಗಳು. ಸಂಜೆ ಅಡಿಗೆಮನೆಯಲ್ಲಿ ನಿಂತು ನಲ್ಲಿಯನ್ನೇ ನೋಡಿದೆ. ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂತಿ, ಮೇಲೆ ನಾಲ್ಕು ದಳದ ಹಿಡಿ. ಮೂತಿಯಿಂದ ಸದಾ ತೊಟ್ಟಿಕ್ಕುವ ರೋಗ ಬೇರೆ. ಚರ್ಮ ತಾನೇ ತಕರಾರು? ಚರ್ಮ ತೆಗೆದುಬಿಟ್ಟರೆ?

"ಅತ್ತೆ, ಒಳಗಿನ ಚರ್ಮ ಕಿತ್ತು ಬೇರೆ ಏನಾದರೂ ಹಾಕಿದರೆ ಈ ನೀರು ಮಡಿಗೆ ಆಗತ್ತಾ?"

ಅಂಥ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿಯೇ ಇರಲಿಲ್ಲ ಅಂತ ಕಾಣುತ್ತದೆ. "ಬೇರೆ ಏನು ಹಾಕ್ತೀಯ ಅನ್ನೋದರ ಮೇಲೆ. ನಾನು ಕಣ್ಣಾರೆ ನೋಡ್ಬೇಕು" ಅಂದರು.

ಪೇಪರಿನ ಹಿಂದಿನಿಂದ ನಮ್ಮವರು, "ಹೊಸಾ ನಲ್ಲಿ ಹಾಕ್ಸಿದ್ರೆ ಆಯ್ತಪ್ಪ, ಅದಕ್ಕೆ ಯಾಕಿಷ್ಟು" ಅಂದರು. ಸರಿ ಅಂತ ಮಾರನೇ ಬೆಳಿಗ್ಗೆ ಪ್ಲಂಬರನ್ನು ಕರೆಸಿದೆ. ಅವನು ನಲ್ಲಿಯನ್ನು ಬೆರಳಲ್ಲಿ ಬಡಿದು ನೋಡಿ, "ಅಮ್ಮಾ, ಬುಡ ತಿರುಗಿಸಿದ್ರೆ ಗೋಡೆ ಒಳಗಿನ ಪೈಪು ಮುರಿಯತ್ತೆ. ಎಲ್ಲಾ ತುಕ್ಕು. ಗೋಡೆ ಒಡೆದು ಹೊಸ ಪೈಪ್ ಎಳೀಬೇಕು" ಅಂದ. ಆ ಗೋಡೆಯ ಆಚೆ ಬದಿ ದೇವರ ಗೂಡು. ಅತ್ತೆ ಕೇಳಿಸಿಕೊಂಡು ದೇವರ ಮನೆಯ ಬಾಗಿಲು ಹಾಕಿದರು. ಪ್ಲಂಬರ್ ಗೋಡೆ ಒಡೆಯುವ ರೇಟನ್ನು ತುಂಬ ಉಲ್ಲಾಸದಿಂದ ಹೇಳಿದಾಗ ನನಗೆ ಅನುಮಾನ ಬಂತು.

"ಬುಡ ಹಾಗೇ ಇರಲಿ. ಮೇಲಿನ ತಲೆ ಮಾತ್ರ ಬಿಚ್ಚಬಹುದಲ್ಲ?"

"ಬಿಚ್ಬೋದು. ಆದ್ರೆ ಹಳೇ ಸೈಜು. ಒಳಗಿನ ಸಾಮಾನು ಈಗ ಸಿಗಲ್ಲ."

ಸಿಗುವುದಿಲ್ಲ ಅನ್ನುವ ಮಾತನ್ನು ನಾನು ಬಟ್ಟೆ ವ್ಯಾಪಾರದಲ್ಲಿ ದಿನವೂ ಕೇಳುತ್ತೇನೆ. ಹುಡುಕುವುದಕ್ಕೆ ಸೋಮಾರಿತನ ಅಂತ ಅದರ ಅರ್ಥ. ಅವನಿಗೆ ಕಾಫಿ ಕೊಟ್ಟು, ಸ್ಪ್ಯಾನರನ್ನು ಸೋಮವಾರದ ತನಕ ಸಾಲ ಕೇಳಿದೆ. "ನೀವೇ ಮಾಡ್ತೀರಾ?" ಅಂತ ನಕ್ಕು ಕೊಟ್ಟ. ನಲ್ಲಿ ನೋಡಿ ಹೋಗುವುದು ಬೇರೆ, ಮಡಿ ಅಡಿಗೆಮನೆಯಲ್ಲಿ ಅವನನ್ನು ಕೆಲಸಕ್ಕೆ ಬಿಟ್ಟುಕೊಳ್ಳುವುದು ಹೇಗೂ ಆಗುವ ಮಾತಲ್ಲ.

ಅವತ್ತು ನೀರು ಬಿಡದ ದಿನ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಯ ಕುತ್ತಿಗೆಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟೆ. ಎಡಗೈಯಲ್ಲಿ ಬುಡವನ್ನು ಅಲುಗದಂತೆ ಹಿಡಿದು ಬಲಗೈಯಲ್ಲಿ ಸ್ಪ್ಯಾನರ್ ಎಳೆದೆ. ಅಲುಗಲಿಲ್ಲ. ಮತ್ತೆ ಬಟ್ಟೆ, ಮತ್ತೆ ಎಳೆತ. ಟಕ್ ಅಂತ ಸದ್ದಾಯಿತು. ಗೋಡೆಯೊಳಗಿನ ಪೈಪೇ ಮುರಿಯಿತು ಅಂದುಕೊಂಡೆ. ಮುರಿದಿರಲಿಲ್ಲ, ತಲೆ ಸಡಿಲಾಗಿತ್ತು.

ತಿರುಗಿಸಿ ಎತ್ತಿದೆ. ಹೊರಗೆ ಕಪ್ಪುಗಟ್ಟಿದ್ದ ಆ ನಲ್ಲಿಯ ಒಳಗಿನ ಮರೆ, ಅಂದರೆ ಸುತ್ತುಸುತ್ತಾಗಿ ಕೊರೆದ ಗೆರೆಗಳು, ನಿನ್ನೆ ಕೊರೆದ ಹಾಗೆ ಹೊಳೆಯುತ್ತಿದ್ದವು. ಹೊಸ ಬಳೆಯ ಬಣ್ಣ. ನಾನು ಹುಟ್ಟುವ ಮೊದಲು ಯಾರೋ ಮುಚ್ಚಿಟ್ಟದ್ದು, ಅಂದಿನಿಂದ ಬೆಳಕು ಕಂಡಿರಲಿಲ್ಲ. ಸೀರೆಯ ಹಿಂಬದಿಯ ನೇಯ್ಗೆ ನೋಡಿ ಮಾಲು ಅಳೆಯುವವಳು ನಾನು. ಹಿಂಬದಿಯಲ್ಲೂ ಇಷ್ಟು ಶ್ರದ್ಧೆ ಇಟ್ಟವನು ಯಾರಪ್ಪಾ ಅಂದುಕೊಂಡೆ. ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದೂ ಒಂದು ಗೆರೆ ಸೊಟ್ಟ ಇಲ್ಲ.

ಅತ್ತೆ ಎರಡು ಮಾರು ದೂರದಲ್ಲಿ ನಿಂತು ಕತ್ತು ಚಾಚಿದರು. "ಇದೇನೇ, ದೇವರ ತಂಬಿಗೆ ಇದ್ದ ಹಾಗಿದೆ" ಅಂದರು. ಅಷ್ಟು ವರ್ಷ ಆ ಗೋಡೆಯಲ್ಲಿ ಒಂದು ಹೊಲಸು ಇದೆ ಅಂತಲೇ ಅವರು ನಂಬಿದ್ದರು. ತುದಿಯಲ್ಲಿ ಕಪ್ಪಾಗಿ ಮುದುಡಿದ ಚರ್ಮದ ಬಿಲ್ಲೆ ಇತ್ತು. ಅದನ್ನು ಕಂಡದ್ದೇ ಅವರು ಹಿಂದೆ ಸರಿದರು. "ಅಷ್ಟು ಚಿಕ್ಕದಾ!" ಅಂದರು. ಆ ದನಿಯನ್ನು ಏನೆಂದು ಹೇಳಲಿ? ಅಷ್ಟು ಚಿಕ್ಕದಕ್ಕಾಗಿ ಅವರು ಎಷ್ಟು ಕೊಡ ಸೇದಿದ್ದರು!

ಶನಿವಾರ ಬೆಳಿಗ್ಗೆ ನಲ್ಲಿಯ ತಲೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಕಾಟನ್‌ಪೇಟೆಗೆ ಹೋದೆ. ಅಡಿಗೆಮನೆಯಲ್ಲಿ ತೆರೆದಿದ್ದ ನಲ್ಲಿಯ ಬುಡಕ್ಕೆ ಬಟ್ಟೆ ತುರುಕಿ, ಹೊರಗಿನ ವಾಲ್ವ್ ಮುಚ್ಚಿ ಬಂದಿದ್ದೆ. ಆ ವಾಲ್ವ್ ಮುಚ್ಚಿದ್ದರಿಂದ ಅವತ್ತು ಬಂದ ನೀರು ನಮಗಿಲ್ಲ, ಹಂಡೆಯಲ್ಲಿ ಇದ್ದದ್ದೇ ಗತಿ. ಮೂರು ಅಂಗಡಿಯಲ್ಲಿ "ಇಲ್ಲ" ಅಂದರು. ನಾಲ್ಕನೆಯದು ಮೆಟ್ಟಿಲು ಇಳಿದು ಹೋಗುವ ಕತ್ತಲೆ ಅಂಗಡಿ. ಸೂರಿನಿಂದ ಹಳೇ ನಲ್ಲಿಗಳು ಬಾಳೆಗೊನೆಯ ಹಾಗೆ ತೂಗುತ್ತಿದ್ದವು. ಒಳಗೆ ಕಾಲಿಟ್ಟವಳು ತಲೆ ಎತ್ತಿ ಒಂದೊಂದನ್ನೇ ನೋಡಿದೆ. ಊರಿನ ಎಷ್ಟು ಅಡಿಗೆಮನೆಗಳ ಬೆಳಗಿನ ಸದ್ದು ಅಲ್ಲಿ ಗೊನೆ ಕಟ್ಟಿತ್ತೋ!

ಅಂಗಡಿಯ ಹಿರಿಯರು ನನ್ನ ಕರ್ಚೀಫು ಬಿಚ್ಚಿ ನೋಡಿದರು. "ಭಲೇ ಮಾಲು! ಇದಕ್ಕೆ ಚರ್ಮದ ವಾಷರ್ರೇ ಹಾಕ್ಬೇಕಮ್ಮ. ಒರಿಜಿನಲ್ ಎಮ್ಮೆ ಚರ್ಮ, ನಿಮ್ಮ ಮೊಮ್ಮಕ್ಕಳ ತನಕ ಬರತ್ತೆ."

"ಚರ್ಮ ಬೇಡ."

"ಯಾಕಮ್ಮಾ? ಎಲ್ಲರೂ ಅದನ್ನೇ ಕೇಳ್ಕೊಂಡು ಬರೋದು!"

"ನಮ್ಮ ಅತ್ತೆಗೆ ಆಗಲ್ಲ."

ಅವರಿಗೆ ಅರ್ಥವಾಯಿತು, ನಗಲಿಲ್ಲ. "ರಬ್ಬರ್ ಆಗ್ಬೋದಾ? ಅದು ಮರದ ಹಾಲು. ಆದ್ರೆ ಈ ಸೈಜಲ್ಲಿ ರೆಡಿ ಬರಲ್ಲ. ಶೀಟ್ ಕೊಡ್ತೀನಿ, ಕತ್ತರಿಸ್ಕೊಳ್ಳಿ." ಒಂದು ಕಪ್ಪು ಹಾಳೆ ಎಳೆದರು. ಜೊತೆಗೆ ಹಿಡಿಯ ಕೆಳಗೆ, ತಿರುಗುವ ಕಂಬಿಯ ಸುತ್ತ ಸುತ್ತುವ ದಾರ. ಅದಿಲ್ಲದಿದ್ದರೆ ನಲ್ಲಿ ತೆರೆದಾಗ ನೀರು ಹಿಡಿಯ ಬುಡದಿಂದಲೇ ಚಿಮ್ಮುತ್ತದೆ. "ಚೆನ್ನಾಗಿ ಜಿಡ್ಡು ಹಚ್ಚಿದ್ದು" ಅಂದರು. ನಾನು ಹಾಳೆಯನ್ನು ಕೆಳಗಿಟ್ಟು, ಬೇರೆ ಕಡೆ ನೋಡುತ್ತ ರೇಟು ಕೇಳಿದೆ.

"ನೀವೂ ಅಂಗಡಿಯವರೇನಮ್ಮಾ?"

"ಹೇಗೆ ಗೊತ್ತಾಯ್ತು?"

"ಗಿರಾಕಿಗಳು ಮಾಲು ಕೈಲಿ ಹಿಡ್ಕೊಂಡು ರೇಟು ಕೇಳ್ತಾರೆ. ಅಂಗಡಿಯವರು ಕೆಳಗಿಟ್ಟು ಕೇಳ್ತಾರೆ."

"ಹಾಗಿದ್ಮೇಲೆ ಅಂಗಡಿಯವರ ರೇಟು ಹೇಳಿ."

"ಹೇಳಿದ್ದೇ ಅದು!"

"ಇಂಥ ವಾಷರ್ ಒಂದು ಆಗೋ ತುಂಡಿಗೆ ಆ ರೇಟಾ? ಅದೇ ರೇಟಿಗೆ ಮೂರು ಆಗೋ ತುಂಡು ಕೊಡಿ. ಮಿಕ್ಕಿದ್ದು ನಿಮ್ಮಲ್ಲಿ ಇದ್ದು ಇಲಿ ತಿನ್ನೋದು ತಾನೆ."

"ನಮ್ಮ ಇಲಿ ಮೇಲೂ ಕಣ್ಣು ಹಾಕಿದ್ರಲ್ಲಮ್ಮ!" ಅಂತ ಬೈಯುತ್ತಲೇ ಅಂಗೈಯಗಲ ಕತ್ತರಿಸಿ ಕೊಟ್ಟರು. ಆ ಹೆಚ್ಚಿನ ತುಂಡೇ ಮುಂದೆ ಮಾನ ಉಳಿಸಿತು.

ಮನೆಗೆ ಬಂದು, ಮಧ್ಯಾಹ್ನ ಅಂಗಡಿ ಮುಚ್ಚಿ, ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತೆ. ರಬ್ಬರ್ ಮರದ ಹಾಲು ಅಂದದ್ದಕ್ಕೆ ಅತ್ತೆ ಆಗಲಿ ಅಂದಿದ್ದರು. ರವಿಕೆ ಕತ್ತರಿಸುವ ನನ್ನ ಕತ್ತರಿ ಕೈಯಲ್ಲಿ. ಅಳತೆಗೆ ಹಳೇ ರವಿಕೆ ಇಟ್ಟು ಹೊಸದು ಕತ್ತರಿಸುವುದು ಕೈಗೆ ಕೂತ ಅಭ್ಯಾಸ. ಹಾಗೆಯೇ ಹಳೇ ಬಿಲ್ಲೆಯನ್ನು ರಬ್ಬರ್ ಮೇಲಿಟ್ಟು ಸುತ್ತ ಗೆರೆ ಎಳೆದೆ.

"ಅಯ್ಯಯ್ಯೋ!" ಅತ್ತೆ ಕೂಗಿದ ರಭಸಕ್ಕೆ ಕತ್ತರಿ ಕೈಯಿಂದ ಬಿತ್ತು. "ಚರ್ಮ ತೆಗೆಯಕ್ಕೆ ತಂದಿದ್ದನ್ನ ಚರ್ಮಕ್ಕೇ ಮುಟ್ಟಿಸ್ತೀಯಲ್ಲೇ!"

ಪೇಪರಿನ ಹಿಂದೆ ನಗು ಕೇಳಿಸಿತು. ಆ ತುಂಡನ್ನು ಪಕ್ಕಕ್ಕೆ ಎಸೆದೆ. ಇನ್ನೂ ಎರಡಕ್ಕೆ ಸಾಲುವಷ್ಟು ಇತ್ತು. ಈ ಸಲ ಬಿಲ್ಲೆ ಕೂರುವ ಹಿತ್ತಾಳೆಯ ಬಟ್ಟಲನ್ನು ಅಳತೆಗೆ ಇಡಬೇಕು. ಅದಕ್ಕೂ ಚರ್ಮ ತಾಗಿದೆಯಲ್ಲ ಅಂತ ಅವರ ಮುಖ ನೋಡಿದೆ.

"ಹಿತ್ತಾಳೆಗೆ ಹುಣಸೇಹಣ್ಣು ಇದೆ. ಆ ಚರ್ಮ ಹೊರಗೆ ಹಾಕಿ, ಸ್ನಾನ ಮಾಡಿ, ಮಡಿ ಉಟ್ಕೊಂಡು ಬಾ. ಅಷ್ಟರಲ್ಲಿ ನಾನು ಇದನ್ನ ನೋಡ್ಕೋತೀನಿ" ಅಂದರು.

ಚೀಲದಿಂದ ತಮ್ಮದೇ ಒಂದು ಮಡಿ ಸೀರೆ ತೆಗೆದು ಮಣೆಯ ಮೇಲಿಟ್ಟರು. ಸ್ನಾನ ಮಾಡಿ ಅದನ್ನುಟ್ಟು ಬಂದಾಗ, ನಲ್ಲಿಯ ಭಾಗಗಳೆಲ್ಲ ಅವರ ಮುಂದೆ ಬಾಳೆ ಎಲೆಯ ಮೇಲೆ ಸಾಲಾಗಿದ್ದವು. ದೇವರ ಪಾತ್ರೆ ಉಜ್ಜುವ ಹಾಗೆಯೇ ಹುಣಸೇಹಣ್ಣು, ಬೂದಿ ಹಾಕಿ ಉಜ್ಜಿದ್ದರು. ಸ್ಪ್ಯಾನರಿಗೂ ಬಿಸಿನೀರ ಸ್ನಾನ ಆಗಿತ್ತು. ಕಪ್ಪು ಹೋಗಿ ನಾಲ್ಕು ದಳದ ಹಿಡಿಯ ಮೇಲೆ ಸಣ್ಣ ಹೂವಿನ ಕೆತ್ತನೆ ಎದ್ದಿತ್ತು. ಇಷ್ಟು ವರ್ಷ ದಿನವೂ ತಿರುಗಿಸಿದ್ದೆ, ಒಂದು ದಿನವೂ ಅದು ನನಗೆ ಕಂಡಿರಲಿಲ್ಲ.

ನಮ್ಮವರು ಬಾಗಿಲಲ್ಲಿ ನಿಂತು, "ಅಮ್ಮಾ, ಒಂದು ಮಾತು. ಕಾವೇರಿಯಿಂದ ಇಲ್ಲಿ ತನಕ ದಾರೀಲಿ ಎಷ್ಟು ವಾಲ್ವ್ ಇದೆಯೋ, ಎಲ್ಲೆಲ್ಲಿ ಏನೇನು ಚರ್ಮ ಹಾಕಿದಾರೋ..." ಅಂದರು.

ಸ್ಪ್ಯಾನರನ್ನು ಅವರ ತಲೆಗೆ ಎಸೆಯಬೇಕು ಅನ್ನಿಸಿತು. ಎಲ್ಲ ಮುಗಿಯಿತು ಅಂದುಕೊಂಡೆ. ಅತ್ತೆ ಮಾತ್ರ ಒರೆಸುವುದನ್ನು ನಿಲ್ಲಿಸಲೂ ಇಲ್ಲ.

"ಅದು ನಂಗೆ ಗೊತ್ತಿಲ್ವೇನೋ? ಬಾವಿ ತಳದಲ್ಲಿ ಏನು ಸತ್ತು ಬಿದ್ದಿತ್ತು ಅಂತ ನಾನು ಇಳಿದು ನೋಡಿದ್ನಾ? ಅಷ್ಟು ದೂರದ್ದು ನನ್ನ ಕೈಲಿಲ್ಲ. ನನ್ನ ಒಲೆ ಪಕ್ಕದಲ್ಲಿರೋದು ನನ್ನದು. ಇದರೊಳಗೆ ಏನಿದೆ ಅಂತ ನಂಗೆ ಗೊತ್ತಿರಬೇಕು. ಅಷ್ಟೇ."

ನಾನು ಎಷ್ಟೋ ವರ್ಷ ಒಂದೇ ಸೂರಿನಡಿ ಇದ್ದು ಅವರ ಮಡಿಯನ್ನು ಹಠ ಅಂತಲೇ ಎಣಿಸಿದ್ದೆ. ಮಾಲಿನ ಹಿಂಬದಿ ತಿರುಗಿಸಿ ನೋಡದೆ ಗಿರಾಕಿಯ ಕೈಗೆ ಕೊಡದ ನನ್ನ ಅಭ್ಯಾಸವನ್ನು ಮಾತ್ರ ಜಾಣತನ ಅಂದುಕೊಂಡಿದ್ದೆ.

ರಬ್ಬರ್ ಬಿಲ್ಲೆ ಸರಿಯಾಗಿ ಕೂತಿತು. ಕಂಬಿಗೆ ಸುತ್ತಲು ದಾರ ಎತ್ತಿಕೊಂಡೆ.

"ಇದೇನೇ ವಾಸನೆ?" ಅತ್ತೆಯ ಮೂಗು ಅಲ್ಲಿಂದಲೇ ಹಿಡಿಯಿತು.

"ಜಿಡ್ಡು ಹಚ್ಚಿದಾರೆ ಅತ್ತೆ."

"ಯಾವುದರ ಜಿಡ್ಡು?"

ಚರ್ಮ ಬೇಡ ಅಂತ ಅಷ್ಟು ಹಠ ಹಿಡಿದವಳು ಇದನ್ನು ಕೇಳಿರಲಿಲ್ಲ. ಕೊಬ್ಬು ಸವರಿದ ದಾರವನ್ನು ನಲ್ಲಿಗೆ ಸುತ್ತುವ ರೂಢಿ ಇದೆ ಅಂತ ಎಲ್ಲೋ ಕೇಳಿದ್ದ ನೆನಪು ಆಗ ಬಂತು. ಗೊತ್ತಿಲ್ಲ ಅಂದೆ. ಮಾರನೇ ದಿನ ಭಾನುವಾರ. ಅಂಗಡಿಗಳಿಗೆ ರಜ, ನಾದಿನಿಯ ಗಂಡ ಬರುವ ದಿನ. ಮೂಲೆಯಲ್ಲಿ ಚೀಲ ಇದ್ದೇ ಇತ್ತು.

ಅತ್ತೆ ನಲ್ಲಿಯ ತಲೆಯನ್ನು ಎತ್ತಿ ಆಕಡೆ ಈಕಡೆ ತಿರುಗಿಸಿ ನೋಡಿದರು. "ಈ ದಾರದ ಕೆಲಸ ಏನು ಹೇಳು."

"ಕಂಬಿ ತಿರುಗುವಾಗ ಪಕ್ಕದಿಂದ ನೀರು ಮೇಲೆ ಬರದ ಹಾಗೆ ತಡೆಯೋದು."

"ಅಂದ್ರೆ ಬಿಗಿಯಾಗೂ ಇರಬೇಕು, ತಿರುಗಕ್ಕೂ ಬಿಡಬೇಕು."

"ಹೌದು."

ಎದ್ದು ದೇವರ ಮನೆಗೆ ಹೋದರು. ಬರುವಾಗ ಕೈಯಲ್ಲಿ ಬತ್ತಿ ಹೊಸೆಯುವ ಹತ್ತಿ, ಹರಳೆಣ್ಣೆಯ ಬಟ್ಟಲು. ಕೂತು, ಹತ್ತಿಯನ್ನು ಎಳೆದು, ಅಂಗೈಗೆ ಬೂದಿ ಸವರಿಕೊಂಡು ಹೊಸೆಯತೊಡಗಿದರು. ಆ ಹೊಸೆತ ಮದುವೆಯಾದಾಗಿನಿಂದ ದಿನವೂ ನೋಡಿದ್ದೆ. ಆದರೆ ಅವತ್ತಿನ ಎಳೆ ಬತ್ತಿಯದಲ್ಲ. ಎರಡೆರಡು ಎಳೆ ಸೇರಿಸಿ, ಮತ್ತೆ ತಿರುವಿ, ಮೀನುಗಾರನ ಹುರಿಯಷ್ಟು ಗಟ್ಟಿ ಮಾಡಿ, ಹರಳೆಣ್ಣೆಯಲ್ಲಿ ಅದ್ದಿ ಹಿಂಡಿದರು. ನಾನು ಸುತ್ತಲು ಕೈ ಚಾಚಿದೆ.

"ತಾಳು. ತೆರೆಯುವಾಗ ಯಾವ ಕಡೆ ತಿರುಗತ್ತೆ? ಮುಚ್ಚುವಾಗ?"

ತೋರಿಸಿದೆ.

"ಹಾಗಾದ್ರೆ ಮುಚ್ಚೋ ಕಡೆಗೇ ಸುತ್ತಬೇಕು. ಇಲ್ದಿದ್ರೆ ಒತ್ತಿ ಮುಚ್ಚಿದಾಗೆಲ್ಲ ಬಿಚ್ಚಿಕೊಳ್ಳತ್ತೆ" ಅಂದು ತಾವೇ ಕಂಬಿಗೆ ಸುತ್ತಿದರು. ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು, ಎಳೆಯ ಮೇಲೆ ಎಳೆ ಏರದ ಹಾಗೆ. ಜನ್ಮದಲ್ಲಿ ಒಂದು ಸಲವೂ ನಲ್ಲಿ ತಿರುಗಿಸಿದವರಲ್ಲ! ನಾನು ಮೇಲಿನ ಬಿರಡೆ ಬಿಗಿದೆ. ತಲೆಯನ್ನು ಬುಡಕ್ಕೆ ಕೂರಿಸಿದೆ. ಇನ್ನು ನೀರು ಬರಬೇಕು. ಹೊರಗಿನ ವಾಲ್ವ್ ತೆರೆಯುವ ಹೊತ್ತಿಗೆ ಅವತ್ತಿನ ನೀರು ನಿಂತುಹೋಗಿತ್ತು. ಭಾನುವಾರ ನೀರಿನ ಸರದಿಯಲ್ಲ. ಆದರೆ ಆ ಬೇಸಿಗೆಯಲ್ಲಿ ಸರದಿ ನೆಟ್ಟಗೆ ಇದ್ದದ್ದು ಯಾವಾಗ? ಬಂದರೂ ಬರಬಹುದು ಅಂತ ಕಾದೆವು.

ಬೆಳಗಿನ ಜಾವ ಅಡಿಗೆಮನೆಯಲ್ಲಿ ಸದ್ದು ಕೇಳಿ ಎದ್ದು ಹೋದೆ. ಅತ್ತೆ ಆಗಲೇ ಸ್ನಾನ ಮಾಡಿ ನಲ್ಲಿಯ ಮುಂದೆ ನಿಂತಿದ್ದರು. ಕೆಳಗೆ ತೊಳೆದ ತಾಮ್ರದ ಬಿಂದಿಗೆ. ಗೋಡೆಯೊಳಗೆ ಗೊರಗೊರ ಅನ್ನುತ್ತಿತ್ತು. ನೀರು ಬರುವ ಮೊದಲು ಪೈಪಿನಲ್ಲಿ ಗಾಳಿ ಬರುವ ಸದ್ದು.

"ತಿರುಗಿಸಿ ಅತ್ತೆ."

"ಯಾವ ಕಡೆಗೆ?" ಅಂದರು. ನಿನ್ನೆ ಅಷ್ಟು ನಿಖರವಾಗಿ ಕೇಳಿದ್ದವರು, ಕೈ ಇಡುವ ಹೊತ್ತಿಗೆ ಮರೆತಿದ್ದರು. ನಾನು ದೂರದಿಂದಲೇ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದೆ. ಹೂವಿನ ಕೆತ್ತನೆಯ ಹಿಡಿಯ ಮೇಲೆ ಬೆರಳಿಟ್ಟರು. ತಿರುಗಿಸಿದರು. ಮೊದಲು ಬುಸ್ ಅಂತ ಗಾಳಿ, ಆಮೇಲೆ ಕೆಂಪು ನೀರು ಸ್ವಲ್ಪ, ಆಮೇಲೆ ಬೆಳ್ಳಗೆ, ಗಟ್ಟಿಯಾಗಿ, ಬಿಂದಿಗೆಯ ತಳಕ್ಕೆ ಬಿದ್ದ ನೀರಿನ ಸದ್ದು. ಹಿಡಿಯ ಬುಡ ನೋಡಿದೆ. ಒಂದು ಹನಿ ಇಲ್ಲ. ನಲ್ಲಿ ಮುಚ್ಚಿಸಿ ಮೂತಿ ನೋಡಿದೆ. ಎಷ್ಟೋ ವರ್ಷ ತೊಟ್ಟಿಕ್ಕಿದ ನಲ್ಲಿ ಬಾಯಿ ಮುಚ್ಚಿಕೊಂಡಿತ್ತು.

ಅತ್ತೆ ಮತ್ತೆ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಹಗ್ಗ ಇಲ್ಲ, ರಾಟೆ ಇಲ್ಲ, ಎರಡು ಬೆರಳಿಗೆ ನೀರು. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಹಗ್ಗ ಎಳೆದು ಎಳೆದು ಗೆರೆಗಳೇ ಅಳಿಸಿಹೋಗಿದ್ದ ಅಂಗೈ. ನಾನು ಅಲ್ಲಿ ನಿಲ್ಲಲಾರದೆ ಒಲೆ ಹಚ್ಚುವ ನೆಪದಲ್ಲಿ ತಿರುಗಿಕೊಂಡೆ.

"ನೀನು ಯಾಕೆ ಒಲೆ ಮುಟ್ತೀಯ? ಸ್ನಾನ ಆಯ್ತಾ ನಿಂದು? ಆಚೆ ನಡಿ" ಅಂದರು.

ನಾದಿನಿಯ ಗಂಡ ಬಂದಾಗ ಅವರಿಗೆ ಸಿಕ್ಕಿದ್ದು ತಿಳಿಸಾರು, ಅನ್ನ, ಹುರುಳಿಕಾಯಿ ಪಲ್ಯ. ಅತ್ತೆ ಕೊನೆಗೆ ತಾವೂ ಬಡಿಸಿಕೊಂಡು ಕೂತರು. ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಎತ್ತುವ ತನಕ ನಾನು ಹಜಾರದಿಂದ ಇಣುಕುತ್ತಲೇ ಇದ್ದೆ. ಅಳಿಯಂದಿರು ಮೂಲೆಯ ಚೀಲ ಎತ್ತಿಕೊಳ್ಳಲು ಹೋದರೆ, "ಅದನ್ನ ಯಾಕೆ ಮುಟ್ತೀರಿ, ಮಡಿ ಸೀರೆ ಇದೆ" ಅಂತ ಗದರಿದರು. ಆಮೇಲೆ ಸ್ವಲ್ಪ ತಣ್ಣಗೆ, "ನಿಮ್ಮ ಮನೆ ನಲ್ಲಿ ಯಾವ ಕಾಲದ್ದು? ಬಾವಿ ಒಣಗೋದ್ರೊಳಗೆ ಒಂದು ದಿನ ನಾವಿಬ್ಬರೂ ಬಂದು ಬಿಚ್ಚಿ ಕೊಡ್ತೀವಿ" ಅಂದರು. ಸಂಜೆ ಸೀರೆಗಳು ಮತ್ತೆ ಗಳುವಿಗೆ ಏರಿದವು.

ಅಲ್ಲಿಂದ ಮುಂದೆ ಪ್ರತಿ ದೀಪಾವಳಿಗೆ, ನೀರು ತುಂಬುವ ಹಬ್ಬದ ದಿನ, ಹಂಡೆ ಉಜ್ಜಿ ಹಾಗಲಬಳ್ಳಿ ಕಟ್ಟುವ ಮೊದಲು ನಾವಿಬ್ಬರೂ ನಲ್ಲಿಯ ತಲೆ ಬಿಚ್ಚುತ್ತಿದ್ದೆವು. ಹುಣಸೇಹಣ್ಣು, ಹೊಸ ಬಿಲ್ಲೆ, ಹೊಸದಾಗಿ ಹೊಸೆದ ಎಳೆ. ಹಂಡೆಗೆ ಕಟ್ಟಿ ಮಿಕ್ಕಿದ ಬಳ್ಳಿಯ ಒಂದು ಕುಡಿ ನಲ್ಲಿಯ ಕುತ್ತಿಗೆಗೆ. ಎರಡು ಸಾವಿರದ ಇಸವಿ ದಾಟಿ, ಬೀದಿಯ ಮನೆಗಳೆಲ್ಲ ಫ್ಲ್ಯಾಟುಗಳಾಗಿ, ಎಲ್ಲರ ಅಡಿಗೆಮನೆಗೂ ಬೆಳ್ಳಿ ಬಣ್ಣದ ನಲ್ಲಿ ಬಂದ ಮೇಲೂ ಇದು ನಡೆಯಿತು. ಅತ್ತೆ ಹೋದ ಮೇಲೆ ಎಳೆ ಹೊಸೆಯುವವಳು ನಾನು. ಅವರಷ್ಟು ಸಮ ಬರುವುದಿಲ್ಲ, ಹಿಡಿಯ ಬುಡದಲ್ಲಿ ಒಂದಿಷ್ಟು ಒಸರುತ್ತದೆ.

ಈಗ ನಿಮಗೆ. ನಿಮ್ಮ ಮನೆಯಲ್ಲೂ ಹಳೇ ಹಿತ್ತಾಳೆ ನಲ್ಲಿ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಸಲ ತಲೆ ಬಿಚ್ಚಿ ನೋಡಿ. ಮೊದಲು ಹೊರಗಿನ ವಾಲ್ವ್ ಮುಚ್ಚಿ. ತೊಟ್ಟಿಯ ತೂತಿಗೆ ಬಟ್ಟೆ ತುರುಕಿ, ಚಿಕ್ಕ ಸಾಮಾನು ಅದರಲ್ಲೇ ಓಡಿಹೋಗುವುದು. ಬುಡವನ್ನು ತಿರುಗಿಸಬೇಡಿ, ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದೇ ಇರಿ. ಅಂಗಡಿಗೆ ಬಾಯಲ್ಲಿ ಅಳತೆ ಹೇಳಿಕೊಂಡು ಹೋಗಬೇಡಿ, ನಲ್ಲಿಯ ತಲೆಯನ್ನೇ ತೆಗೆದುಕೊಂಡು ಹೋಗಿ. ಸಿಗುವುದಿಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ಮಾಲನ್ನು ಕೆಳಗಿಟ್ಟು ರೇಟು ಕೇಳಿ, ಒಂದು ಬೇಕಾದ ಕಡೆ ಮೂರಕ್ಕೆ ಆಗುವಷ್ಟು ತನ್ನಿ, ಮೊದಲನೆಯದು ಹೇಗೂ ಹಾಳಾಗುತ್ತದೆ. ಒಳಗೆ ಹೋಗುವ ಪ್ರತಿಯೊಂದನ್ನೂ ಯಾವುದರಿಂದ ಮಾಡಿದ್ದು ಅಂತ ಕೇಳಿ, ದಾರವನ್ನೂ ಬಿಡಬೇಡಿ. ಬಿಲ್ಲೆ ಮೆತ್ತಗಿದ್ದರೆ ಎರಡು ಬೆರಳಿನ ಬಲಕ್ಕೇ ಮುಚ್ಚಿಕೊಳ್ಳುತ್ತದೆ, ಗಂಡಸರು ಬಂದು ಜೋರಾಗಿ ಒತ್ತದ ಹಾಗೆ ನೋಡಿಕೊಳ್ಳಿ. ಎಲ್ಲ ಸೇರಿಸಿ ಆದ ಮೇಲೆ ಚೆನ್ನಾಗಿದೆಯೋ ಇಲ್ಲವೋ ಅಂತ ನೀವೇ ತಿರುಗಿಸಿ ನೋಡುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಆ ನೀರು ಯಾರಿಗೆ ಬೇಕಾಗಿತ್ತೋ ಅವರನ್ನು ಕರೆಯಿರಿ, ಬಿಂದಿಗೆ ಇಡಿ, ಪಕ್ಕಕ್ಕೆ ನಿಲ್ಲಿ.